ತುಕ್ಕಿನ ಮುಂದೆ ಮೂವರು ಪಂಡಿತರು

ಮಂಗಳೂರಿನ ಗಾಡಿಗಳಿಗೆ ಇಬ್ಬರು ಶತ್ರುಗಳು: ಮೇಲಿನಿಂದ ಮಳೆ, ಪಡುವಣದಿಂದ ಉಪ್ಪುಗಾಳಿ. ಹದಿನೈದು ವರ್ಷದ ಸ್ವಿಫ್ಟಿನ ಅಡಿಯಲ್ಲಿ ಇವರಿಬ್ಬರೂ ಸೇರಿ ಏನು ಮಾಡಿಟ್ಟಿದ್ದಾರೆ ಅಂತ ಗೊತ್ತಾಗುವುದು ಆಕ್ಸಲ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಶಾಫ್ಟ್) ಬಿಚ್ಚುವ ದಿನವೇ. ಪದ್ದುವಿನ ಗಾಡಿ ಎಡಗಡೆ ತಿರುವಿನಲ್ಲಿ ಟಕಟಕ ಅನ್ನುತ್ತಿದೆ. ಆಕ್ಸಲಿನ ಹೊರತುದಿಯ ಗೆಣ್ಣು, ಅಂದರೆ ಸಿವಿ ಜಾಯಿಂಟ್, ಹೋಗಿದೆ; ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮಿನ ಬುಷ್ಷೂ (ರಬ್ಬರ್ ಕೀಲು) ಹರಿದಿದೆ. ಅಂಗಳದಲ್ಲಿ ಮೂವರು. ಡೊಲ್ಫಿ ಸುತ್ತಿಗೆಯ ಪಕ್ಷ, ಪದ್ದು ಬೆಂಕಿಯ ಪಕ್ಷ, ವಸಂತಣ್ಣ ಎರಡಕ್ಕೂ ವೋಟು ಹಾಕದ ಜನ.

“ಮೊದ್ಲು ಜಾಕ್ ಹಾಕುವಾ,” ಡೊಲ್ಫಿ ಶುರು ಮಾಡಿದ.

“ಜಾಕ್ ಹಾಕಿದ ಮೇಲೆ ಆಕ್ಸಲ್ ನಟ್ ಬಿಚ್ಚಲಿಕ್ಕೆ ನಿನ್ನ ಅಜ್ಜ ಬರ್ತಾರಾ? ಚಕ್ರ ನೆಲದಲ್ಲಿ ಇರುವಾಗಲೇ ಅದನ್ನು ಸಡಿಲ ಮಾಡ್ಬೇಕು. ನಟ್ಟಿನ ಅಂಚನ್ನು ಶಾಫ್ಟಿನ ಗೀರಿಗೆ ಬಡಿದು ಕೂರಿಸಿದ್ದಾರೆ ನೋಡು. ಸಣ್ಣ ಉಳಿ ಇಟ್ಟು ಅದನ್ನು ಪೂರ್ತಿ ಎತ್ತು. ಅರ್ಧ ಎತ್ತಿ ತಿರುಗಿಸಿದ್ರೆ ಥ್ರೆಡ್ಡನ್ನು ಕೆರ್ಕೊಂಡೇ ಹೊರಗೆ ಬರ್ತದೆ. ಪದ್ದು, ನೀನು ಒಳಗೆ ಕೂತು ಬ್ರೇಕ್ ಒತ್ತು.”

“ಎಷ್ಟು ಬಲ ಬೇಕು ವಸಂತಣ್ಣ?”

“ಬಿಗಿ ಮಾಡುವಾಗ ಈ ಸೈಜಿನ ಗಾಡಿಗೆ ಹೆಚ್ಚುಕಡಿಮೆ 200 ನ್ಯೂಟನ್ ಮೀಟರ್. ಅಂದ್ರೆ ಒಂದು ಮೀಟರ್ ಪೈಪಿನ ತುದಿಯಲ್ಲಿ 20 ಕೆಜಿ. ತುಕ್ಕು ಹಿಡಿದ ಮೇಲೆ ಅದರ ಡಬಲ್ ಕೇಳಿದ್ರೂ ಕೇಳೀತು.”

“ನಾನೇ 80 ಕೆಜಿ ಇದ್ದೇನೆ!”

“ನೀನು ಪೈಪಿನ ಮೇಲೆ ಹತ್ತಿದ್ರೆ 800 ನ್ಯೂಟನ್ ಮೀಟರ್. ಅರ್ಧ ಇಂಚಿನ ರ‍್ಯಾಚೆಟ್ಟಿನ ಹಲ್ಲು ಉದುರಿ ನಿನ್ನ ಹಲ್ಲಿಗೇ ಬರ್ತದೆ. ಮುಕ್ಕಾಲು ಇಂಚಿನ ಬಾರ್ ತಗೋ. ಸಾಕೆಟ್ ಆರು ಮೂಲೆಯದ್ದೇ ಆಗ್ಬೇಕು, ಹನ್ನೆರಡು ಮೂಲೆಯದ್ದು ನಟ್ಟನ್ನು ಉರುಟು ಮಾಡ್ತದೆ. ಮೊದ್ಲು ಒಂದು ಕೂದಲೆಳೆ ಬಿಗಿ ಮಾಡಿ ನೋಡು, ಆಮೇಲೆ ಸಡಿಲ ಮಾಡು. ತುಕ್ಕಿನ ಹಿಡಿತ ಬಿಡ್ಲಿಕ್ಕೆ ಯಾವ ಕಡೆ ಅಲುಗಿದ್ರೂ ಸಾಕು.”

ನಟ್ ಕಿರ್ ಅಂತ ಕಿರುಚಿ ಬಿಟ್ಟಿತು. ಹಿಂದಿನ ಚಕ್ರಕ್ಕೆ ಕಲ್ಲು, ಗಾಡಿಗೆ ಜಾಕ್, ಅದರ ಪಕ್ಕ ಸ್ಟ್ಯಾಂಡ್. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಹೋಸಿನ ಮೇಲೆ ನೇತು ಹಾಕದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದರು. ಡಿಸ್ಕ್ ಕಳಚಿತು. ಶಾಫ್ಟ್ ಮಾತ್ರ ಚಕ್ರ ಕೂರುವ ಹಬ್ಬಿನ ಒಳಗೆ ಅಲ್ಲಾಡಲೊಲ್ಲದು.

ಡೊಲ್ಫಿ ಎರಡು ಕೆಜಿ ಸುತ್ತಿಗೆ ಎತ್ತಿಯೇ ಬಿಟ್ಟ.

“ನಿಲ್ಲು ಮಾರಾಯ. ಆ ಆಕ್ಸಲ್ ಬಿಸಾಡುವುದಾ, ಉಳಿಸುವುದಾ?”

“ಬಿಸಾಡುವುದೇ. ಹೊಸತು ತಂದು ಇಟ್ಟಿದ್ದೇನೆ,” ಪದ್ದು ಹೇಳಿದ.

“ಹಬ್ ಬೇರಿಂಗ್?”

“ಅದು ಇರ್ತದೆ.”

“ಹಾಗಾದ್ರೆ ಸುತ್ತಿಗೆ ಕೆಳಗಿಡು. ನೀನು ಹೊಡೆಯುವ ಪೆಟ್ಟು ಶಾಫ್ಟಿನ ಹಲ್ಲುಗಳ, ಅಂದ್ರೆ ಸ್ಪ್ಲೈನಿನ, ಮೂಲಕ ಬೇರಿಂಗಿನ ಗುಂಡುಗಳಿಗೆ ಹೋಗ್ತದೆ, ಅವು ತಾವು ಓಡುವ ರೇಸಿನಲ್ಲಿ ಗುಳಿ ಹಾಕ್ತವೆ. ಮುಂದಿನ ತಿಂಗಳು ಗಾಡಿ ಗುಂಯ್ ಅಂತ ಹಾಡ್ತದೆ. ಇನ್ನೊಂದು, ಶಾಫ್ಟಿನ ತುದಿ ಚಪ್ಪಟೆಯಾಗಿ ಅಗಲ ಆದ್ರೆ ಹಬ್ಬಿನ ತೂತಿನಲ್ಲಿ ಹಿಂದೆ ಸರಿಯುವುದೇ ಇಲ್ಲ. ಹೊಡೆಯಲೇಬೇಕಾದ್ರೆ ನಟ್ಟನ್ನು ತುದಿಗೆ ಸಮ ಬರುವಷ್ಟು ತಿರುಗಿಸಿ ಹಿತ್ತಾಳೆ ತುಂಡು ಇಟ್ಟು ಹೊಡಿ. ಎಲ್ಲಕ್ಕಿಂತ ಒಳ್ಳೆಯದು ಪುಲ್ಲರ್.”

ವೀಲ್ ನಟ್ಟುಗಳಿಂದಲೇ ಹಬ್ಬಿಗೆ ಕಟ್ಟುವ ಪುಲ್ಲರ್ ಅದು. ನಡುವಿನ ಸ್ಕ್ರೂ ಶಾಫ್ಟನ್ನು ಒಳಕ್ಕೆ ದೂಡುತ್ತದೆ. ಬಿಗಿ ಮಾಡಿ, ಸ್ಕ್ರೂ ತಲೆಗೆ ಒಂದೇ ಒಂದು ಪೆಟ್ಟು, ಮತ್ತೆ ಕಾಲು ಸುತ್ತು. ಆ ಒಂದು ಪೆಟ್ಟಿನ ಕೆಲಸವನ್ನು ಡೊಲ್ಫಿಗೆ ಕೊಟ್ಟು ಸಮಾಧಾನ ಮಾಡಲಾಯಿತು.

ಅಷ್ಟರಲ್ಲಿ ಪದ್ದು ಒಳಗಿಂದ ಗ್ಯಾಸ್ ಟಾರ್ಚ್ ತಂದ. ಇನ್ನೊಂದು ಕೈಯಲ್ಲಿ ಬಾಟಲಿ. “ಅಸಿಟೋನ್, ಆಟೊಮ್ಯಾಟಿಕ್ ಗೇರ್ ಎಣ್ಣೆ, ಸಮಸಮ. ತುಕ್ಕಿಗೆ ಇದಕ್ಕಿಂತ ಮದ್ದಿಲ್ಲ.”

“ಮದ್ದು ಸರಿಯೇ ಉಂಟು, ಹಿಂದಿನ ರಾತ್ರಿಯೇ ಹಾಕಿಡ್ಬೇಕಿತ್ತು. ಆದ್ರೆ ಒಂದು ಕೈಯಲ್ಲಿ ಅಸಿಟೋನ್, ಇನ್ನೊಂದರಲ್ಲಿ ಟಾರ್ಚ್ ಹಿಡ್ಕೊಂಡು ನನ್ನ ಹತ್ರ ನಿಲ್ಬೇಡ.”

“ಬಿಸಿ ಮಾಡಿದ್ರೆ ಕಬ್ಬಿಣ ಹಿಗ್ಗುವುದಿಲ್ವಾ?”

“ಹಿಗ್ತದೆ. ಅದಕ್ಕೇ ಹೊರಗಿನ ನಟ್ಟಿಗೆ ಬಿಸಿ, ಒಳಗಿನ ಬೋಲ್ಟಿಗೆ ಅಲ್ಲ. ಇಲ್ಲಿ ಹೊರಗಿರುವುದು ಹಬ್. ಅದರ ಸುತ್ತ ಬೇರಿಂಗಿನ ಗ್ರೀಸು, ಸೀಲು, ಎಬಿಎಸ್ ಸೆನ್ಸರಿನ ವಯರು, ಎಲ್ಲ ಸುಡ್ತದೆ. ಸ್ಟ್ರಟ್ಟಿಗಂತೂ, ಅಂದ್ರೆ ಸ್ಪ್ರಿಂಗಿನ ಜೊತೆಗಿರುವ ಶಾಕ್ ಅಬ್ಸಾರ್ಬರಿಗೆ, ಬೆಂಕಿ ತೋರಿಸಲೇಬೇಡ, ಒಳಗೆ ಎಣ್ಣೆ ಉಂಟು, ಎಷ್ಟೋ ಸ್ಟ್ರಟ್ಟಿನಲ್ಲಿ ಒತ್ತಡದ ಗ್ಯಾಸೂ ಉಂಟು.”

ಡಣ್! ಶಾಫ್ಟ್ ಹಿಂದೆ ಸರಿಯಿತು. ಪದ್ದು ಟಾರ್ಚನ್ನು ಬೇಸರದಿಂದಲೇ ಕೆಳಗಿಟ್ಟ.

ಸ್ಟೇರಿಂಗಿನ ಕಡ್ಡಿಯ ತುದಿ, ಅಂದರೆ ಟೈರಾಡ್ ಎಂಡ್, ತಕರಾರು ಮಾಡಲಿಲ್ಲ. ನಟ್ಟನ್ನು ನಾಲ್ಕು ಥ್ರೆಡ್ಡಿನಲ್ಲಿ ಬಿಟ್ಟು, ಹಬ್ಬನ್ನು ಹೊತ್ತಿರುವ ನಕಲ್ಲಿನ ಕಣ್ಣಿನ ಪಕ್ಕಕ್ಕೆ ಎರಡು ಪೆಟ್ಟು ಕೊಟ್ಟದ್ದೇ ಟೇಪರ್ (ತುದಿಗೆ ಸಣ್ಣಗಾಗುವ ಪಿನ್ನು) ಬಿಟ್ಟಿತು. ಅದನ್ನು ಎಬ್ಬಿಸಲು ಎರಡು ಹಲ್ಲಿನ ಫೋರ್ಕ್ ಹಾಕುವವರು ರಬ್ಬರ್ ಬೂಟ್ ಹರಿಯುವುದಕ್ಕೂ ತಯಾರಿರಬೇಕು. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಲಿಂಕಿನ ಪಿನ್ನು ನಟ್ಟಿನ ಜೊತೆಗೇ ಸುತ್ತುತ್ತಿತ್ತು, ಅಲೆನ್ ಕೀ ಕೂರುವ ತೂತು ಸವೆದು ಹೋಗಿತ್ತು. ಅದನ್ನು ಗ್ರೈಂಡರಿನಲ್ಲಿ ಕತ್ತರಿಸಿ ಬಿಸಾಡಿದರು. ಅಗ್ಗದ ಸಾಮಾನಿಗೆ ಅರ್ಧ ದಿನ ಕೊಡುವುದು ಮೂರ್ಖತನ.

ಲೋವರ್ ಆರ್ಮಿನ ಬಾಲ್ ಜಾಯಿಂಟಿನ ಬೋಲ್ಟು ಅಡ್ಡಕ್ಕೆ ಕೂತಿರುತ್ತದೆ, ಜಾಯಿಂಟಿನ ಕಡ್ಡಿಯಲ್ಲಿರುವ ಗೀರಿಗೆ ಸಿಕ್ಕಿಕೊಂಡು.

“ನಟ್ ಬಂತಲ್ಲ, ಬೋಲ್ಟನ್ನು ಸ್ವಲ್ಪ ಸಡಿಲ ಮಾಡಿ ಆರ್ಮನ್ನು ಕೆಳಗೆ ಒತ್ತುವಾ?”

“ಒತ್ತಿ ಒತ್ತಿ ಸಾಯ್ತೀ ಡೊಲ್ಫಿ. ಬೋಲ್ಟ್ ಪೂರ್ತಿ ಹೊರಗೆ ಬರದೆ ಕಡ್ಡಿ ಇಳಿಯುವುದಿಲ್ಲ. ಅದು ತಿರುಗ್ತಾ ಇರುವಾಗಲೇ ಹಿಂದಿನಿಂದ ಬಡಿ. ಆಮೇಲೆ ನಕಲ್ಲಿನ ಸೀಳಿಗೆ ಉಳಿ ಇಟ್ಟು ಒಂದಿಷ್ಟೇ ಅಗಲಿಸು. ಜಾಸ್ತಿ ಅಗಲಿಸಿದ್ರೆ ಕಿವಿ ಒಡೀತದೆ, ಆಗ ಹೊಸ ನಕಲ್.”

ಇನ್ನು ಉಳಿದದ್ದು ಆರ್ಮಿನ ಬುಷ್ಷಿನ ಬೋಲ್ಟು, ನಿಜವಾದ ಯಮ. ಡೊಲ್ಫಿ ಬಾರ್ ಒತ್ತಿದ, ಬೋಲ್ಟ್ ಕಾಲು ಸುತ್ತು ತಿರುಗಿತು. ಕೈ ಬಿಟ್ಟ, ಹಿಂದೆ ಬಂತು. “ಬಂತು, ಬಂತು!”

“ಎಂತ ಬಂತು? ರಬ್ಬರ್ ತಿರುಚ್ತಾ ಉಂಟು. ಬುಷ್ಷಿನ ಒಳಗಿನ ಸ್ಟೀಲ್ ಕೊಳವೆಗೂ ಬೋಲ್ಟಿಗೂ ನಡುವೆ ಎಲೆಯಷ್ಟು ಸಂದು. ನೀರು ಹೋಯ್ತು, ತುಕ್ಕಾಯ್ತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡೀತದೆ, ಸಂದು ಮುಚ್ಚಿ ಎರಡೂ ಒಂದೇ ಆಗಿವೆ. ಇನ್ನೂ ಒತ್ತಿದ್ರೆ ತಲೆ ಮುರಿದು ಬರ್ತದೆ. ಆರ್ಮ್ ಹೇಗೂ ಹೊಸತು, ಬುಷ್ಷಿನ ಎರಡೂ ಕಡೆ ಬ್ರ್ಯಾಕೆಟ್ಟಿನ ಹತ್ರ ಬೋಲ್ಟನ್ನೇ ಕತ್ತರಿಸುವಾ. ಆದ್ರೆ ನಟ್ ಫ್ರೇಮಿಗೆ ವೆಲ್ಡ್ ಆಗಿದ್ರೆ ಆ ಬದಿಯಲ್ಲಿ ವೈಸ್ ಗ್ರಿಪ್ಪಿಗೆ ಸಿಗುವಷ್ಟು ತುಂಡು ಬಿಡ್ಬೇಕು.”

“ಗ್ರೈಂಡರ್?”

“ಕಿಡಿ ಹಾರುವ ದಿಕ್ಕಲ್ಲಿ ಪೆಟ್ರೋಲ್ ಲೈನ್ ಉಂಟಾ ನೋಡು. ಸಂಶಯ ಬಂದ್ರೆ ಬೈ-ಮೆಟಲ್ ಬ್ಲೇಡಿನ ಗರಗಸ. ಬೋಲ್ಟ್ 10.9 ಗ್ರೇಡಿನ ಗಟ್ಟಿ ಉಕ್ಕು, ನಿಧಾನ ಆಗ್ತದೆ. ಹೊಸ ಬೋಲ್ಟೂ ಅದೇ ಗ್ರೇಡಿನದ್ದೇ ಹಾಕ್ಬೇಕು, ಹಾರ್ಡ್‌ವೇರ್ ಅಂಗಡಿಯ ಗೇಟಿನ ಬೋಲ್ಟ್ ಅಲ್ಲ.”

ಗರಗಸ ಓಡುತ್ತಿರುವಾಗ ಪದ್ದು ಸುಮ್ಮನೆ ಕೂರಲಾರದೆ ಆಕ್ಸಲಿನ ಒಳತುದಿ ಎಳೆಯಲು ಹೋದ.

“ಶಾಫ್ಟ್ ಹಿಡಿದು ಎಳೀಬೇಡ! ಒಳಗಿನ ಜಾಯಿಂಟ್ ಬೂಟಿನೊಳಗೇ ಬಿಚ್ಚಿ ಹೋಗ್ತದೆ, ತುಂಡು ಗೇರ್‌ಬಾಕ್ಸಿನಲ್ಲೇ ಉಳೀತದೆ. ಜಾಯಿಂಟಿನ ಬುಡಕ್ಕೂ ಗೇರ್‌ಬಾಕ್ಸಿಗೂ ನಡುವೆ ಲಿವರ್ ಇಟ್ಟು ಒಂದು ಜರ್ಕ್ ಕೊಡು, ಅದನ್ನು ಒಳಗೆ ಹಿಡಿದಿರುವ ಸರ್ಕ್ಲಿಪ್ ಬಿಡ್ತದೆ. ಅದಕ್ಕಿಂತ ಮೊದ್ಲು ಗೇರ್ ಎಣ್ಣೆ ಖಾಲಿ ಮಾಡು, ಇಲ್ಲದಿದ್ರೆ ಅಂಗಳ ಗುಡಿಸುವ ಅಮ್ಮ ನಮ್ಮನ್ನೇ ಗುಡಿಸ್ತಾರೆ. ಎಣ್ಣೆ ಸೀಲ್ ಹೊಸತು ತಂದಿದ್ದೀಯಲ್ಲ?”

“ಸೀಲ್ ಬೇಕಿತ್ತಾ?”

ಸುತ್ತಿಗೆಯ ಪಕ್ಷವೂ ತಟಸ್ಥ ಪಕ್ಷವೂ ಮೊದಲ ಸಲ ಒಟ್ಟಿಗೆ ಬೆಂಕಿಯ ಪಕ್ಷದ ಕಡೆ ನೋಡಿದವು.

ಸೀಲ್ ಬಂದ ಮೇಲೆ ಜೋಡಣೆ. ಸ್ಪ್ಲೈನಿಗೆ ತೆಳುವಾಗಿ ತುಕ್ಕು ತಡೆಯುವ ಗ್ರೀಸು, ಹೊಸ ಆಕ್ಸಲ್ ನಟ್. ಬುಷ್ಷಿನ ಬೋಲ್ಟನ್ನು ಡೊಲ್ಫಿ ಗಾಳಿಯಲ್ಲೇ ಬಿಗಿ ಮಾಡ ಹೊರಟ.

“ಬೇಡ. ಗಾಡಿ ಇಳಿಸಿ, ಚಕ್ರದ ಮೇಲೆ ಭಾರ ಬಂದ ಮೇಲೆ ಕೊನೆಯ ಬಿಗಿ. ಈಗಲೇ ಬಿಗಿ ಮಾಡಿದ್ರೆ ಗಾಡಿ ನಿಂತಾಗೆಲ್ಲ ರಬ್ಬರ್ ತಿರುಚಿಕೊಂಡೇ ಇರ್ತದೆ, ಬೇಗ ಹರೀತದೆ. ಆಕ್ಸಲ್ ನಟ್ ಮಾತ್ರ ಹಾಗಲ್ಲ, ಅದು ಸಡಿಲ ಇರುವಾಗ ಚಕ್ರದ ಮೇಲೆ ಪೂರ್ತಿ ಭಾರ ಹಾಕಿದ್ರೆ ಬೇರಿಂಗಿಗೆ ಏಟು. ಬ್ರೇಕ್ ಒತ್ತಿಸಿ ಮೇಲೆಯೇ ಆದಷ್ಟು ಬಿಗಿ ಮಾಡು, ಉಳಿದದ್ದು ಟಾರ್ಕ್ ಪಾನಾ ಹಾಕಿ ಇಳಿಸಿದ ಮೇಲೆ.”

ಪದ್ದು ಒಂದು ಸುತ್ತು ಹೋಗಿ ಬಂದ. ಟಕಟಕ ಇಲ್ಲ. “ಸ್ಟೇರಿಂಗ್ ಸಮ ಉಂಟು. ವೀಲ್ ಅಲೈನ್‌ಮೆಂಟ್ ಬೇಡ ಅಲ್ವಾ?”

“ಹೊಸ ಆರ್ಮ್ ಹಾಕಿದ ಮೇಲೂ ಬೇಡ ಅಂತೀಯಲ್ಲ? ಬೇಡ, ಟಯರ್ ಅಂಗಡಿಯವರಿಗೆ ಒಳ್ಳೆಯದಾಗ್ಲಿ.”