ವಿಡಿಯೊದಲ್ಲಿ ಇರುವುದು ನನ್ನ ಗೊಡೋದಲ್ಲಿ ಇಲ್ಲ, ಹೇಗೆ ಕಲಿಯಲಿ?

ವಿರಾಜಪೇಟೆಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಬಿಸಿಎ ಎರಡನೇ ವರ್ಷ. ಮಳೆ ರಜೆಯಲ್ಲಿ ಮನೆಯಲ್ಲೇ ಕೂತು ಒಂದು ಚಿಕ್ಕ 2ಡಿ ಗೇಮ್ ಮಾಡೋಣ ಅಂತ ಗೊಡೋ (ಗೇಮ್ ಮಾಡುವ ಉಚಿತ ಸಾಫ್ಟ್‌ವೇರ್) ಇಳಿಸಿಕೊಂಡೆ. ತೋಟಕ್ಕೆ ಆನೆ ಬಂದಿದೆ, ಅದರ ಕೈಗೆ ಸಿಗದೆ ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಸೇರಬೇಕು. ಇಷ್ಟೇ ಆಟ.

ಯೂಟ್ಯೂಬ್‌ನಲ್ಲಿ ಒಂದು ಒಳ್ಳೆಯ ಸರಣಿ ಸಿಕ್ಕಿತು. ಇಪ್ಪತ್ತೆರಡು ಭಾಗ. ನಾನು ಎರಡನೆಯದರಲ್ಲೇ ನಿಂತಿದ್ದೇನೆ. ಅವರು 'ಕೈನಮ್ಯಾಟಿಕ್‌ಬಾಡಿ2ಡಿ' ಅನ್ನುವ ನೋಡ್ (ಆಟ ಕಟ್ಟುವ ಬಿಡಿಭಾಗ) ಸೇರಿಸಿ ಅನ್ನುತ್ತಾರೆ. ನನ್ನ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನದು ಗೊಡೋ 4.3. ಲ್ಯಾಪ್‌ಟಾಪ್ ಅಣ್ಣನ ಹಳೆಯದು, 4 ಜಿಬಿ ರ‍್ಯಾಮ್. ಕರೆಂಟು, ನೆಟ್ಟು ಈ ಟೈಮಲ್ಲಿ ಹೇಗಿರುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇದೇ ಪಾಡು ಪಟ್ಟವರು ಯಾರಾದರೂ ಇದ್ದೀರಾ? ಹೇಗೆ ದಾಟಿದಿರಿ?

ನಾಪೋಕ್ಲಿನಿಂದ

ತಂಗಿ, ತಪ್ಪು ನಿಮ್ಮದಲ್ಲ. ನಾನೂ ಇದೇ ಜಾಗದಲ್ಲಿ ಮೂರು ವಾರ ಸಿಕ್ಕಿಕೊಂಡಿದ್ದೆ. ಇದೆಲ್ಲ ನನ್ನ ತಲೆಗೆ ಹತ್ತುವುದಿಲ್ಲ ಅಂತ ಲ್ಯಾಪ್‌ಟಾಪ್ ಮುಚ್ಚಿಟ್ಟು ಮೆಣಸು ಕೊಯ್ಯಲು ಹೋದವನು ನಾನು.

ಆಗಿರುವುದು ಇಷ್ಟು. ಗೊಡೋ 3 ಬಂದದ್ದು 2018ರ ಜನವರಿಯಲ್ಲಿ. 4.0 ಬಂದದ್ದು 2023ರ ಮಾರ್ಚ್ 1ಕ್ಕೆ. ನಡುವಿನ ಐದು ವರ್ಷದಲ್ಲಿ ಜನ ಪ್ರೀತಿಯಿಂದ ಮಾಡಿಟ್ಟ ಪಾಠಗಳು ಹೆಚ್ಚುಕಮ್ಮಿ ಎಲ್ಲ 3ರವು. 4 ಬಂದಾಗ ಹೆಸರುಗಳು ರಾಶಿ ರಾಶಿ ಬದಲಾದವು. ಪಾಠಗಳು ಮಾತ್ರ ಇದ್ದಲ್ಲೇ ಇವೆ. ಮಾಡಿದವರಲ್ಲಿ ಎಷ್ಟೋ ಮಂದಿ ಬೇರೆ ಕೆಲಸಕ್ಕೆ ಹೋಗಿಯಾಯಿತು, ಯಾರು ತಿದ್ದುತ್ತಾರೆ?

ನಮ್ಮ ಮನೆಯಲ್ಲಿ ಅಜ್ಜನ ಮಳೆ ಪುಸ್ತಕ ಇದೆ. ಬೆಳಗ್ಗೆ ಎದ್ದು ಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ ಅಂತ ಬರೆಯುವುದು. ಚಿಕ್ಕವನಿದ್ದಾಗ ಒಂದು ದಿನ ನಾನು ಬರೆದೆ, ತಾರೀಕು ಹಾಕಲಿಲ್ಲ. ಅಜ್ಜ ಆ ಸಾಲನ್ನೇ ಹೊಡೆದು ಹಾಕಿದರು. "ಯಾವತ್ತಿನ ಮಳೆ ಅಂತ ಗೊತ್ತಿಲ್ಲದ ಮೇಲೆ ಇದೆಂಥ ಲೆಕ್ಕ?" ಅಂದರು. ಈಗ ಯಾವ ಪಾಠ ತೆರೆದರೂ ನನಗೆ ಮೊದಲು ಅಜ್ಜನ ಮುಖವೇ ಎದುರಿಗೆ ಬರುತ್ತದೆ. ಇದು ಯಾವ ವರ್ಷದ್ದು, ಯಾವ ವರ್ಷನ್ನಿನದು?

ಪಾಠದವರು ಹೇಳದೇ ಇದ್ದರೂ ಕಂಡುಹಿಡಿಯಬಹುದು. ಕೋಡ್‌ನಲ್ಲಿ ಎಕ್ಸ್‌ಪೋರ್ಟ್, ಆನ್‌ರೆಡಿ ಅನ್ನುವ ಪದಗಳ ಶುರುವಿನಲ್ಲೇ @ ಗುರುತು ಇದ್ದರೆ ಅದು 4. ಬರೀ ಪದ ಇದ್ದರೆ 3. ಇಡೀ ಪ್ರಾಜೆಕ್ಟ್ ಕೊಟ್ಟಿದ್ದರೆ 'ಪ್ರಾಜೆಕ್ಟ್.ಗೊಡೋ' ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕಾನ್ಫಿಗ್_ವರ್ಷನ್ 5 ಅಂತ ಇದ್ದರೆ ಗೊಡೋ 4ರದ್ದು. 4 ಅಂತ ಇದ್ದರೆ ಗೊಡೋ 3ರದ್ದು! ಇದನ್ನು ನೋಡಿ ಮೋಸ ಹೋಗಬೇಡಿ, ನಾನು ಹೋಗಿದ್ದೇನೆ.

ಇನ್ನು ನಿಮ್ಮ ಸಮಸ್ಯೆ. ಕೈನಮ್ಯಾಟಿಕ್‌ಬಾಡಿ2ಡಿ ಎಲ್ಲೂ ಹೋಗಿಲ್ಲ, ಹೆಸರು ಬದಲಿಸಿಕೊಂಡು ಕ್ಯಾರೆಕ್ಟರ್‌ಬಾಡಿ2ಡಿ ಆಗಿದೆ. ಸ್ಪ್ರೈಟ್ ಈಗ ಸ್ಪ್ರೈಟ್2ಡಿ. ಸೀನಿನ ಪ್ರತಿ ಮಾಡುವ ಇನ್‌ಸ್ಟನ್ಸ್ ಈಗ ಇನ್‌ಸ್ಟ್ಯಾನ್ಶಿಯೇಟ್. ಕೋಡನ್ನು ಕಾಯಿಸುವ ಯೀಲ್ಡ್ ಹೋಗಿ ಅವೇಟ್ ಬಂತು. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತೆಗೆದುಕೊಂಡು ಎಡಗಡೆ ಹಳೆ ಹೆಸರು, ಬಲಗಡೆ ಹೊಸ ಹೆಸರು ಬರೆಯುತ್ತಾ ಹೋಗಿ. ಇಂಥ ಪಟ್ಟಿ ಗೊಡೋದ ಅಧಿಕೃತ ದಾಖಲೆಯಲ್ಲೇ ಇದೆ, '3ರಿಂದ 4ಕ್ಕೆ ಬರುವುದು' ಅನ್ನುವ ಪುಟದಲ್ಲಿ. ಆದರೆ ಕೈಯಲ್ಲಿ ಬರೆದದ್ದು ನೆನಪಿರುತ್ತದೆ. ನನ್ನದರಲ್ಲಿ ನಲವತ್ತು ಸಾಲು ಆಗುವಷ್ಟರಲ್ಲಿ ತಿರುಗಿ ನೋಡುವುದೇ ನಿಂತಿತ್ತು.

ಮುಂದಿನ ಭಾಗದಲ್ಲಿ ನೀವು ಖಂಡಿತ ಬೀಳುವ ಗುಂಡಿ, ಆಟಗಾರನನ್ನು ಸರಿಸುವ 'ಮೂವ್_ಆ್ಯಂಡ್_ಸ್ಲೈಡ್'. ಹಳೆಯ ಪಾಠದಲ್ಲಿ ವೇಗವನ್ನು ಆವರಣದೊಳಗೆ ಕೊಡುತ್ತಾರೆ. ಈಗ ವೆಲಾಸಿಟಿ ಅನ್ನುವುದು ಆ ನೋಡ್‌ಗೆ ಹುಟ್ಟಿನಿಂದಲೇ ಇದೆ. ಅದಕ್ಕೆ ಬೆಲೆ ಕೊಟ್ಟು, ಆವರಣ ಖಾಲಿ ಬಿಟ್ಟು ಕರೆಯಬೇಕು. ಹಳೆಯ ವಿಡಿಯೊದಲ್ಲಿ ಮೇಲುಗಡೆ 'ವಾರ್ ವೆಲಾಸಿಟಿ' ಅಂತ ಒಂದು ಸಾಲು ಇದ್ದೇ ಇರುತ್ತದೆ. ಅದನ್ನೂ ಅಳಿಸಿ. ಇಲ್ಲದಿದ್ದರೆ ಆ ಹೆಸರು ಆಗಲೇ ಇದೆಯಲ್ಲ ಅಂತ ಗೊಡೋ ತಗಾದೆ ತೆಗೆಯುತ್ತದೆ.

ಇವೆಲ್ಲ ಸುಲಭದವು. ಕೆಂಪು ಬಣ್ಣದಲ್ಲಿ ತಪ್ಪು ತೋರಿಸುತ್ತದೆ, ಸರಿಮಾಡುತ್ತೇವೆ. ಯೀಲ್ಡ್ ಅಂತ ಬರೆದರಂತೂ 'ಇದನ್ನು ತೆಗೆದಾಗಿದೆ, ಅವೇಟ್ ಬಳಸಿ' ಅಂತ ಅದೇ ಹೇಳಿಕೊಡುತ್ತದೆ. ನನ್ನ ಜೀವ ತೆಗೆದದ್ದು ಏನನ್ನೂ ತೋರಿಸದ ತಪ್ಪು.

ಕ್ಯಾಮೆರಾ2ಡಿಯಲ್ಲಿ ಝೂಮ್ ಅಂತ ಇದೆ. ವಿಡಿಯೊದವರು ಅದಕ್ಕೆ 0.5 ಹಾಕಿದರು, ಅವರ ಆಟಗಾರ ಚೆನ್ನಾಗಿ ಹತ್ತಿರ ಬಂದ. ನಾನೂ 0.5 ಹಾಕಿದೆ. ನನ್ನ ಹುಡುಗ ಇರುವೆಯಷ್ಟಾದ. ಒಂದು ಎಚ್ಚರಿಕೆಯೂ ಇಲ್ಲ. ಚಿತ್ರವೇ ಚಿಕ್ಕದಿರಬೇಕು ಅಂದುಕೊಂಡು ಎರಡು ರಾತ್ರಿ ಕೂತು ಎಲ್ಲ ಚಿತ್ರಗಳನ್ನೂ ದೊಡ್ಡದಾಗಿ ಮತ್ತೆ ಬರೆದೆ. ಆಗ ಹುಡುಗ ಸರಿಯಾದ, ಮರ ಗಿಡ ಎಲ್ಲ ಕೆಟ್ಟವು. ಮೂರನೇ ದಿನ ಸುಮ್ನೆ ಝೂಮ್ ಅನ್ನುವ ಪದದ ಮೇಲೆ ಮೌಸ್ ಇಟ್ಟೆ. ಅಲ್ಲೇ ಸಣ್ಣ ಪೆಟ್ಟಿಗೆಯಲ್ಲಿ ವಿವರಣೆ ಬಂತು. 3ರಲ್ಲಿ ಅಂಕಿ ದೊಡ್ಡದಾದಷ್ಟೂ ನೋಟ ದೂರ ಹೋಗುತ್ತಿತ್ತು. 4ರಲ್ಲಿ ಅದನ್ನು ತಿರುಗಿಸಿದ್ದಾರೆ, ದೊಡ್ಡದಾದಷ್ಟೂ ಹತ್ತಿರ. 0.5 ತೆಗೆದು 2 ಹಾಕಿದೆ. ಮುಗಿಯಿತು. ಎರಡು ರಾತ್ರಿಯ ಚಿತ್ರ ದಂಡ.

ಹಾಗಾಗಿ ಈಗ ನನ್ನ ಅಭ್ಯಾಸ ಹೀಗಿದೆ. ಪಾಠದ ಒಂದು ಭಾಗವನ್ನು ಕೀಬೋರ್ಡ್ ಮುಟ್ಟದೆ ಪೂರ್ತಿ ನೋಡುತ್ತೇನೆ. ಅವರು ಏನು ಮಾಡಿದರು ಅಂತ ನನ್ನ ಮಾತಿನಲ್ಲಿ ನಾಲ್ಕು ಸಾಲು ಬರೆದುಕೊಳ್ಳುತ್ತೇನೆ: 'ಬಾಣದ ಕೀ ಒತ್ತಿದರೆ ದಿಕ್ಕು ಸಿಗುತ್ತದೆ, ದಿಕ್ಕನ್ನು ವೇಗದಿಂದ ಗುಣಿಸುತ್ತಾರೆ, ನೋಡ್‌ಗೆ ಕೊಡುತ್ತಾರೆ.' ಆಮೇಲೆ ವಿಡಿಯೊ ಮುಚ್ಚಿ ಗೊಡೋ ತೆರೆದು ಎಫ್1 ಒತ್ತುತ್ತೇನೆ. ಒಳಗಿರುವ ಕೈಪಿಡಿ ಬರುತ್ತದೆ. ಕೋಡ್‌ನಲ್ಲಿ ಕಂಟ್ರೋಲ್ ಹಿಡಿದು ಯಾವುದಾದರೂ ಹೆಸರಿನ ಮೇಲೆ ಕ್ಲಿಕ್ ಮಾಡಿದರೂ ಅಲ್ಲಿಗೇ ಹೋಗುತ್ತದೆ. ಇದಕ್ಕೆ ನೆಟ್ ಬೇಡ. ನಿಮ್ಮ ಗೊಡೋ ಜೊತೆಗೇ ಬಂದಿರುವುದರಿಂದ ಇದು ಯಾವತ್ತೂ ನಿಮ್ಮ ವರ್ಷನ್ನಿನದೇ. ಟವರ್ ಬಿದ್ದ ವಾರವೂ ನಾನು ಇದರಲ್ಲೇ ಕಲಿತೆ. ಪಾಠ ಹಳೆಯದು ಅಂತ ಬಿಸಾಡಬೇಡಿ, ಆ ಸರಣಿಯವರು ಚೆನ್ನಾಗಿ ಹೇಳಿಕೊಡುತ್ತಾರೆ ಅಂತ ನೀವೇ ಹೇಳಿದ್ದೀರಲ್ಲ.

ಸೋಮವಾರಪೇಟೆಯಿಂದ

ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ಮೊದಲ ಸಲ ಕಲಿಯುವವರಿಗೆ ಇಷ್ಟು ತಲೆಬಿಸಿ ಯಾಕೆ? ಗೊಡೋ 3.6 ಇಳಿಸಿಕೊಳ್ಳಿ. ಅದು 2024ರ ಸೆಪ್ಟೆಂಬರ್‌ನಲ್ಲಿ ಬಂದದ್ದು, ಅಷ್ಟೇನೂ ಹಳೆಯದಲ್ಲ. ಇನ್‌ಸ್ಟಾಲ್ ಮಾಡುವುದೇ ಬೇಡ, ಜಿಪ್ ಬಿಚ್ಚಿ ಫೈಲ್ ಒತ್ತಿದರೆ ತೆರೆಯುತ್ತದೆ. 4.3 ಪಕ್ಕದಲ್ಲೇ ಇರಲಿ, ಎರಡೂ ಜಗಳ ಆಡುವುದಿಲ್ಲ. ಸರಣಿಯವರು ಹೇಳಿದ ಹಾಗೇ ಇಪ್ಪತ್ತೆರಡು ಭಾಗ ಮುಗಿಸಿ. ಒಂದು ಆಟ ಪೂರ್ತಿ ಆದ ಖುಷಿ ಇದೆಯಲ್ಲ, ಅದು ಸಿಕ್ಕರೆ ಹೆಸರು ಬದಲಾಯಿಸಿಕೊಳ್ಳುವುದು ಒಂದು ವಾರದ ಕೆಲಸ. ನಾನು ಹಾಗೇ ಮಾಡಿದೆ. ಹಳೆಯ ಲ್ಯಾಪ್‌ಟಾಪ್‌ಗೂ 3 ಹಗುರ.

ನಾಪೋಕ್ಲಿನಿಂದ, ಮತ್ತೆ

ನನಗೆ ಒಪ್ಪಿಗೆ ಇಲ್ಲ. ಎರಡು ಸಲ ಕಲಿಯುವ ತಾಳ್ಮೆ ನಿಮಗಿತ್ತು, ಎಲ್ಲರಿಗೂ ಇರುವುದಿಲ್ಲ. ಆದರೆ ಇಪ್ಪತ್ತೆರಡು ಭಾಗ ಮುಗಿಸಿದವರ ಜೊತೆ ವಾದ ಮಾಡುವುದಿಲ್ಲ. ನಾನು ಹನ್ನೊಂದಕ್ಕೆ ನಿಲ್ಲಿಸಿದವನು.

ಕುಶಾಲನಗರದಿಂದ

ನಾನು ದುಡ್ಡು ಕೊಟ್ಟು ಕಲಿಯಲು ಹೋಗಿ ಕೈ ಸುಟ್ಟುಕೊಂಡವಳು. ಒಂದು ಆನ್‌ಲೈನ್ ಕೋರ್ಸ್, ಹೆಸರು ಬೇಡ. 'ಗೊಡೋ 4ಕ್ಕೆ ಅಪ್‌ಡೇಟ್ ಆಗಿದೆ' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಒಳಗೆ ಹೋದರೆ ಮೊದಲ ಎರಡು ಪಾಠ ಮಾತ್ರ ಹೊಸದು. ಕೇಳಿದರೆ 'ಕೆಳಗೆ ಕಾಮೆಂಟ್‌ನಲ್ಲಿ ಬದಲಾವಣೆ ಬರೆದಿದ್ದಾರೆ, ನೋಡಿಕೊಳ್ಳಿ' ಅಂದರು. ಬರೆದಿದ್ದವರು ನನ್ನ ಹಾಗೇ ದುಡ್ಡು ಕೊಟ್ಟು ಸಿಕ್ಕಿಬಿದ್ದವರು!

ಆಮೇಲೆ ಎಐ ಚಾಟ್ ಹಿಡಿದೆ. ಅದೂ ಇದೇ ಹಳೆಯ ಪಾಠಗಳನ್ನು ಓದಿಯೇ ಬೆಳೆದದ್ದು, ಅಲ್ವಾ? ಒಂದೇ ಉತ್ತರದಲ್ಲಿ ಮೇಲಿನ ಅರ್ಧ 4, ಕೆಳಗಿನ ಅರ್ಧ 3 ಬರೆದುಕೊಟ್ಟಿತು. ಸಿಗ್ನಲ್ (ಒಂದು ನೋಡ್‌ನಲ್ಲಿ ಏನೋ ಆಯಿತು ಅಂತ ಇನ್ನೊಂದಕ್ಕೆ ಹೇಳುವ ಸಂದೇಶ) ಜೋಡಿಸುವ ಸಾಲು ಹಳೆಯ ಥರ, ಉದ್ಧರಣ ಚಿಹ್ನೆಯೊಳಗೆ ಹೆಸರು ಹಾಕಿ. ಟೈಮರ್ ಹೊಸ ಥರ, ಅವೇಟ್ ಹಾಕಿ. ತಪ್ಪು ಅಂದರೆ ಕ್ಷಮೆ ಕೇಳಿ ಅದೇ ತಪ್ಪನ್ನು ಬೇರೆ ಥರ ಬರೆಯಿತು. ಈಗ ಕೋಡ್ ಬರೆಸುವುದಿಲ್ಲ. ಎರರ್ ಸಂದೇಶ ಅರ್ಥ ಆಗದಿದ್ದರೆ ಮಾತ್ರ ಕೇಳುತ್ತೇನೆ, ಅದೂ 4.3 ಅಂತ ಮೊದಲೇ ಹೇಳಿ.

ನಿಮಗೆ ನಾನು ಹೇಳುವುದು: ಅಧಿಕೃತ ದಾಖಲೆಯಲ್ಲೇ 'ನಿಮ್ಮ ಮೊದಲ 2ಡಿ ಆಟ' ಅಂತ ಪಾಠ ಇದೆ. 'ಡಾಡ್ಜ್ ದ ಕ್ರೀಪ್ಸ್' ಅನ್ನುವ ಆಟ ಮಾಡಿಸುತ್ತಾರೆ. ನಾಲ್ಕೂ ಕಡೆಯಿಂದ ಬರುವ ಜಂತುಗಳಿಗೆ ತಾಗದೆ ಓಡಾಡುವುದು. ಜಂತು ತೆಗೆದು ಆನೆ ಹಾಕಿದರೆ ನಿಮ್ಮ ಆಟಕ್ಕೆ ಅರ್ಧ ದಾರಿ ಬಂದ ಹಾಗೆ. ಆ ಪುಟಗಳನ್ನು ತೆರೆದಾಗ ಮೇಲೆ ವಿಳಾಸ ನೋಡಿ. 'ಸ್ಟೇಬಲ್' ಅಂತಲೋ ನಿಮ್ಮ ವರ್ಷನ್ ಅಂಕಿಯೋ ಇರಬೇಕು. ಗೂಗಲ್ ಎಷ್ಟೋ ಸಲ 3.5ರ ಪುಟಕ್ಕೆ ಕರೆದುಕೊಂಡು ಹೋಗುತ್ತದೆ. ಅಂಕಿ ಬದಲಿಸಿ ಎಂಟರ್ ಒತ್ತಿದರೆ ಸಾಕು. 'ಲೇಟೆಸ್ಟ್' ಅಂತ ಇದ್ದರೆ ಅದೂ ಬೇಡ, ಅದು ಇನ್ನೂ ಬಿಡುಗಡೆ ಆಗದ ಗೊಡೋದ್ದು.

ಇನ್ನೊಂದು. ಆ ದಾಖಲೆ ಪೂರ್ತಿ ಇಳಿಸಿಕೊಳ್ಳಬಹುದು, ಇಪಬ್ (ಇ-ಪುಸ್ತಕ) ಆಗಿಯೂ ಸಿಗುತ್ತದೆ. ನೆಟ್ ಇರುವ ದಿನ ಫೋನಿಗೆ ಹಾಕಿಟ್ಟುಕೊಳ್ಳಿ. ಜುಲೈಯಲ್ಲಿ ನಮ್ಮಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಒಲೆ ಪಕ್ಕ ಕೂತು ಫೋನಿನಲ್ಲಿ ಸಿಗ್ನಲ್ ಬಗ್ಗೆ ಓದಿದೆ. ಲ್ಯಾಪ್‌ಟಾಪ್ ಇದ್ದಿದ್ದರೆ ಓದುತ್ತಿರಲಿಲ್ಲ, ಸುಮ್ನೆ ಏನೋ ಟೈಪ್ ಮಾಡುತ್ತಿದ್ದೆ. ಹೊಸ ಪ್ರಾಜೆಕ್ಟ್ ಮಾಡುವಾಗ ರೆಂಡರರ್ (ತೆರೆಯ ಮೇಲೆ ಚಿತ್ರ ಮೂಡಿಸುವ ಭಾಗ) 'ಕಂಪ್ಯಾಟಿಬಿಲಿಟಿ' ಆರಿಸಿ. ಹಳೆಯ ಲ್ಯಾಪ್‌ಟಾಪ್‌ಗೆ ಅದೇ ಸರಿ, 2ಡಿಗೆ ಅದೇ ಸಾಕು.

ಗೋಣಿಕೊಪ್ಪದಿಂದ

ಒಂದೇ ಮಾತು. '4ರ ಪಾಠ' ಅಂತ ಇದ್ದರೂ ನಂಬಬೇಡಿ. ತೋಟದ ನೆಲ ಹಾಸಲು ಟೈಲ್‌ಮ್ಯಾಪ್ (ಚಿಕ್ಕ ಚಿಕ್ಕ ಚಿತ್ರದ ತುಂಡುಗಳನ್ನು ಜೋಡಿಸುವ ನೋಡ್) ಬೇಕಾಗುತ್ತದೆ ನಿಮಗೆ. 2024ರ ಆಗಸ್ಟ್‌ನಲ್ಲಿ ಬಂದ 4.3ರಲ್ಲಿ, ಅಂದರೆ ನಿಮ್ಮದರಲ್ಲೇ, ಅದನ್ನು ಪಕ್ಕಕ್ಕಿಟ್ಟು ಟೈಲ್‌ಮ್ಯಾಪ್‌ಲೇಯರ್ ತಂದರು. 4.0, 4.1ರ ಕಾಲದ ವಿಡಿಯೊದಲ್ಲಿ ಒಂದೇ ನೋಡ್ ಒಳಗೆ ಪದರ ಪದರ ಮಾಡುತ್ತಾರೆ. ಈಗ ಒಂದೊಂದು ಪದರಕ್ಕೆ ಒಂದೊಂದು ನೋಡ್. ನೆಲಕ್ಕೆ ಒಂದು, ಕಾಫಿ ಗಿಡಕ್ಕೆ ಒಂದು. 'ಸೆಟ್_ಸೆಲ್' ಬರೆಯುವ ರೀತಿ 3ರಲ್ಲಿ ಒಂದು, 4.2ರವರೆಗೆ ಇನ್ನೊಂದು, ಈಗ ಮತ್ತೊಂದು.

ವಿರಾಜಪೇಟೆಯಿಂದ, ಎರಡು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳುತ್ತೇನೆ. 3.6 ಇಳಿಸಿದ್ದು ನಿಜ, ತೆರೆದದ್ದು ಒಂದೇ ದಿನ. ಕುಶಾಲನಗರದ ಅಕ್ಕ ಹೇಳಿದ ಪಾಠ ಮಾಡಿ ಮುಗಿಸಿದೆ, ಐದು ದಿನ ಹಿಡಿಯಿತು. ನಡುವೆ ಎರಡು ದಿನ ಕರೆಂಟ್ ಇರಲಿಲ್ಲ, ಅದು ಲೆಕ್ಕಕ್ಕಿಲ್ಲ. ಆಮೇಲೆ ಯೂಟ್ಯೂಬ್ ಸರಣಿಗೆ ವಾಪಸ್ ಬಂದೆ. ಈಗ ಅದೇ ಎರಡನೇ ಭಾಗ ನೋಡಿದರೆ ನಗು ಬರುತ್ತದೆ. ನೋಟ್‌ಬುಕ್ಕಿನಲ್ಲಿ ಹತ್ತೊಂಬತ್ತು ಸಾಲು ಆಗಿದೆ. ಝೂಮ್‌ನಲ್ಲಿ ನಾನು ಬೀಳಲಿಲ್ಲ ಅಣ್ಣ, ನಿಮ್ಮ ಎರಡು ರಾತ್ರಿ ನನಗೆ ಉಳಿಯಿತು.

ಲೈನ್ ಮನೆ ಬರೆದೆ, ಆನೆ ಬರೆದೆ. ಅಮ್ಮ ನೋಡಿ ಹಂದಿ ಚೆನ್ನಾಗಿದೆ ಅಂದರು. ಈಗ ಒಂದು ತೊಂದರೆ. ಟೈಲ್‌ಮ್ಯಾಪ್‌ಲೇಯರ್‌ನಲ್ಲಿ ತೋಟದ ಸುತ್ತ ಬೇಲಿ ಹಾಕಿದ್ದೇನೆ. ಆನೆ ಅದರ ಮೂಲಕವೇ ನಡೆದು ಒಳಗೆ ಬರುತ್ತದೆ. ಆಟಗಾರನೂ ಅಷ್ಟೇ. ಯಾವ ಎರರೂ ಇಲ್ಲ.

ಸಿದ್ದಾಪುರದಿಂದ

ಆನೆ ಬೇಲಿ ದಾಟಿ ಬರುವುದು ನಮ್ಮ ಕಡೆ ಬಗ್ ಅಲ್ಲಮ್ಮ. ಸೋಲಾರ್ ಬೇಲಿಗೇ ಮರ ಕೆಡವಿ ದಾಟುತ್ತದೆ, ನಿಮ್ಮದು ಬರೀ ಚಿತ್ರ.

ಆಟಗಾರನೂ ದಾಟುತ್ತಿದ್ದರೆ ಟೈಲ್‌ಸೆಟ್ (ಆ ತುಂಡುಗಳ ಸಂಗ್ರಹ) ತೆರೆದು ನೋಡಿ. 4ರಲ್ಲಿ ಅದಕ್ಕೆ ಮೊದಲು ಒಂದು ಫಿಸಿಕ್ಸ್ ಲೇಯರ್ (ಡಿಕ್ಕಿ ನೋಡಿಕೊಳ್ಳುವ ಪದರ) ಸೇರಿಸಬೇಕು, ಆಮೇಲೆ ಬೇಲಿಯ ಟೈಲ್ ಮೇಲೆ ಆಕಾರ ಬರೆಯಬೇಕು. 3ರ ವಿಡಿಯೊದಲ್ಲಿ ಮೊದಲನೇ ಹೆಜ್ಜೆಯೇ ಇರುವುದಿಲ್ಲ. ಇಪ್ಪತ್ತನೇ ಸಾಲು ಅದನ್ನೇ ಬರೆದುಕೊಳ್ಳಿ.