ಚಹಾ ತೋಟದ ನೆರಳು ಮರ, ಮಣ್ಣು: ಬೆಳೆಗಾರರ ಗುಂಪಿನಲ್ಲಿ ಮಣ್ಣು ತಜ್ಞೆಗೆ ಪ್ರಶ್ನೆಗಳು

ಗೂಡಲೂರಿನ ಬೆಳೆಗಾರ: ನಮಸ್ಕಾರ ಮೇಡಂ. ಎರಡು ಎಕರೆ ಚಹಾ ಇದೆ. ಎರಡು ವರ್ಷದ ಹಿಂದೆ ಎಂಟು ಸಿಲ್ವರ್ ಓಕ್ ನೆರಳು ಮರ ಕಡಿಸಿ ಮಾರಿದೆ. ಈಗ ಒಂದು ಬೊಡ್ಡೆಯ ಸುತ್ತಲಿನ ಗಿಡಗಳು ಒಣಗುತ್ತಿವೆ. ಮೊದಲು ಎರಡಿದ್ದವು, ಈಗ ಒಂಬತ್ತು. ಗೊಬ್ಬರ ಸಾಲದಾಯಿತೇ?

ತಜ್ಞೆ: ಗೊಬ್ಬರದ ಮಾತು ಬಿಡಿ. ಒಣಗಿದ ಒಂದು ಗಿಡವನ್ನು ಬೇರುಸಹಿತ ಕಿತ್ತು, ತೊಳೆದು, ತೊಗಟೆ ಸುಲಿದು ಚಿತ್ರ ಹಾಕಿ.

ಚಿಕ್ಕಮಗಳೂರಿನ ಸದಸ್ಯ: ಸಿಲ್ವರ್ ಓಕ್ ನೆಲದ ಸಾರ ಹೀರುತ್ತದೆಯಂತೆ. ಎಲ್ಲವನ್ನೂ ತೆಗೆಸಬಹುದೇ?

ತಜ್ಞೆ: ಬೇಡ. ಹಾಲುವಾಣ ಮಣ್ಣಿಗೆ ಸಾರಜನಕ ಕೂಡಿಸುತ್ತದೆ, ಸಿಲ್ವರ್ ಓಕ್ ಕೂಡಿಸುವುದಿಲ್ಲ, ಅದರ ಎಲೆಯೂ ಒರಟು, ನಿಧಾನವಾಗಿ ಕೊಳೆಯುತ್ತದೆ. ಆದರೆ ಇಳಿಜಾರಿನಲ್ಲಿ ಆ ದರಗೇ ಮಳೆಯ ಹೊಡೆತ ತಡೆಯುವ ಹೊದಿಕೆ. ನಡುನಡುವೆ ಹಾಲುವಾಣ, ಗ್ಲಿರಿಸಿಡಿಯಾ ನೆಡಿ. ಮಳೆಗಾಲಕ್ಕೆ ಮೊದಲು ಮರಗಸಿ ಮಾಡಿ, ಅಂದರೆ ನೆರಳು ಮರದ ಕೊಂಬೆ ಸವರಿ, ಸೊಪ್ಪನ್ನು ಸಾಲಿನಲ್ಲೇ ಬಿಡಿ. ನೆರಳು ದಟ್ಟವಾದರೆ ಮಳೆಗಾಲದಲ್ಲಿ ಚಿಗುರೆಲೆ ಗುಳ್ಳೆಗಟ್ಟುವ ಬೊಬ್ಬೆ ರೋಗ, ನೆರಳೇ ಇಲ್ಲದಿದ್ದರೆ ಬೇಸಿಗೆಯಲ್ಲಿ ಕೆಂಪು ನುಸಿ.

ಕೊಡಗಿನ ಸದಸ್ಯ: ಹಾಲುವಾಣ ನೆಡಿಸಿ ಕೈಸುಟ್ಟುಕೊಂಡವರು ನಾವು. ಎಲೆ, ಚಿಗುರಿನಲ್ಲಿ ಗಂಟು ಕಟ್ಟಿಸುವ ಕಣಜದ ಕಾಟದಲ್ಲಿ ಎಷ್ಟೋ ಮರ ಹೋದವು.

ಚಿಕ್ಕಮಗಳೂರಿನ ಸದಸ್ಯ: ನಿಮ್ಮದು ಕಾಫಿ. ಇಲ್ಲಿ ಚಹಾದ ಮಾತು ನಡೆಯುತ್ತಿದೆ.

ಕೊಡಗಿನ ಸದಸ್ಯ: ಮರ ಒಂದೇ ಅಲ್ಲವೇ? ಸಿಲ್ವರ್ ಮರಕ್ಕೆ ಮೆಣಸು ಹಬ್ಬಿಸಿದವರನ್ನು ಕೇಳಿ, ಅದರ ಬೆಲೆ ಗೊತ್ತಾಗುತ್ತದೆ.

ಚಿಕ್ಕಮಗಳೂರಿನ ಸದಸ್ಯ: ನಾನು ಕೇಳಿದ್ದು ಮಣ್ಣಿನ ವಿಷಯ, ನಿಮ್ಮ ಮೆಣಸಿನ ಆದಾಯವಲ್ಲ.

ಗೂಡಲೂರಿನ ಬೆಳೆಗಾರ: ಚಿತ್ರ ಹಾಕಿದ್ದೇನೆ. ತೊಗಟೆಯ ಅಡಿಯಲ್ಲಿ ಬಿಳಿ ಬೀಸಣಿಗೆ ಬಿಚ್ಚಿಟ್ಟಂತೆ ಏನೋ ಹರಡಿದೆ.

ಹಾಸನದ ಸದಸ್ಯ: ಬುಡಕ್ಕೆ ಸುಣ್ಣ, ಕಲ್ಲುಪ್ಪು, ಒಲೆಬೂದಿ ಸುರಿದರೆ ಮೂರೇ ದಿನದಲ್ಲಿ ಬೇರು ರೋಗ ಮಾಯ. ಎಲ್ಲರಿಗೂ ಹಂಚಿ.

ತಜ್ಞೆ: ದಯವಿಟ್ಟು ಹಂಚಬೇಡಿ. ಚಹಾ ಆಮ್ಲೀಯ ಮಣ್ಣಿನ ಬೆಳೆ, ಪಿಎಚ್ 4.5ರಿಂದ 5.5ರೊಳಗೆ ಇರಬೇಕು. ಬುಡಕ್ಕೆ ಸುಣ್ಣ ಬೂದಿ ಸುರಿದರೆ ಬದುಕಿರುವ ಬೇರೂ ಸೊರಗುತ್ತದೆ. ಉಪ್ಪಂತೂ ಗಿಡಕ್ಕೆ ವಿಷ.

ಗೂಡಲೂರಿನವರೇ, ಇದು ಬೊಡ್ಡೆಯಿಂದ ಹರಡುವ ಬೇರು ಕೊಳೆಯಂತೆಯೇ ಕಾಣುತ್ತಿದೆ. ಹಸಿ ಮರವನ್ನು ಒಮ್ಮೆಲೇ ಕಡಿದರೆ ಬೇರಿನ ಪಿಷ್ಟ ನೆಲದೊಳಗೇ ಉಳಿಯುತ್ತದೆ. ಶಿಲೀಂಧ್ರ ಅದನ್ನು ತಿಂದು ಬೆಳೆದು, ಬೇರಿಗೆ ಬೇರು ತಾಗಿದ ಕಡೆ ಚಹಾ ಗಿಡಕ್ಕೆ ದಾಟುತ್ತದೆ. ಆದ್ದರಿಂದಲೇ ಕಡಿಯುವ ಮೊದಲು ಕಾಂಡದ ಸುತ್ತ ತೊಗಟೆಯನ್ನು ಉಂಗುರದಂತೆ ಕೆತ್ತಿ, ಮರ ತಾನಾಗಿ ಒಣಗುವವರೆಗೆ ಕಾಯಬೇಕು. ಎಲೆಯ ಆಹಾರ ಕೆಳಗಿಳಿಯದೆ ಬೇರಿನ ಪಿಷ್ಟ ಖಾಲಿಯಾಗುತ್ತದೆ. ಮರದ ವ್ಯಾಪಾರಿಗಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ನಷ್ಟ ನಿಮಗೆ.

ಈಗ ಆ ಒಂಬತ್ತರ ಜೊತೆಗೆ, ಸುತ್ತಲಿನ ಒಂದು ಸಾಲು ಹಸಿರು ಗಿಡಗಳನ್ನೂ ತೆಗೆಯಿರಿ. ಕರುಳು ಚುರುಕ್ ಎನ್ನುತ್ತದೆ, ನನಗೆ ಗೊತ್ತು. ಆ ಜಾಗವನ್ನು ಸುತ್ತುವರಿದು ನಾಲ್ಕು ಅಡಿ ಆಳ, ಒಂದೂವರೆ ಅಡಿ ಅಗಲದ ಕಂದಕ ತೋಡಿ, ಮಣ್ಣನ್ನು ಒಳಬದಿಗೇ ಹಾಕಿ. ಬೊಡ್ಡೆ ಕೀಳಿಸಿ, ಪೆನ್ಸಿಲ್ ದಪ್ಪದ ಬೇರನ್ನೂ ಬಿಡದೆ ಆರಿಸಿ ಅಲ್ಲೇ ಸುಡಿ. ಬಳಿಕ ಎರಡು ವರ್ಷ ಗ್ವಾಟೆಮಾಲಾ ಹುಲ್ಲು ಬೆಳೆಸಿ, ಕೊಯ್ದು ಅಲ್ಲೇ ಹೊದಿಸಿ. ಖಾಲಿಯಾದ ಜಾಗಕ್ಕೆ ತಕ್ಷಣ ಹೊಸ ಸಸಿ ನೆಟ್ಟರೆ ಅದೂ ಸಾಯುತ್ತದೆ. ಬೇರಿನ ಮಾದರಿಯನ್ನು ವಾಲ್ಪಾರೈನಲ್ಲಿರುವ ಉಪಾಸಿ (ದಕ್ಷಿಣ ಭಾರತದ ತೋಟ ಬೆಳೆಗಾರರ ಸಂಘ) ಚಹಾ ಸಂಶೋಧನಾ ಸಂಸ್ಥೆಗೆ ಕಳುಹಿಸಿ ಖಚಿತಪಡಿಸಿಕೊಳ್ಳಿ.

ಸಕಲೇಶಪುರದ ಸದಸ್ಯೆ: ಸಿಲ್ವರ್ ಕಡಿಯಲು ಅನುಮತಿ ಬೇಕೇ?

ಮತ್ತೊಬ್ಬ ಸದಸ್ಯ: ಮೇಡಂ, ಎಕರೆಗೆ ಎಷ್ಟು ಸುಣ್ಣ ಹಾಕಬೇಕು?

ತಜ್ಞೆ: ಮಣ್ಣು ಪರೀಕ್ಷೆ ಮಾಡಿಸದೆ ಹೇಳುವುದಿಲ್ಲ.

ಹಾಸನದ ಸದಸ್ಯ: ನಮ್ಮ ಅಜ್ಜ ಬೂದಿ ಹಾಕಿಯೇ ತೋಟ ಮಾಡಿದವರು. ಓದಿದವರಿಗೆ ಮಾತ್ರ ಬುದ್ಧಿ ಇರುವುದೇ?

ತಜ್ಞೆ: ನಿಮ್ಮ ಅಜ್ಜನವರು ಬೆಳೆದದ್ದು ಚಹಾವೇ?

ಹಾಸನದ ಸದಸ್ಯ: ಬಾಳೆ.

ಮತ್ತೊಬ್ಬ ಸದಸ್ಯ: ಅಂದಾಜಾದರೂ ಹೇಳಿ ಮೇಡಂ, ಸುಣ್ಣ ಎಷ್ಟು?

ತಜ್ಞೆ: ಮೇಲೆ ಓದಿ.

ಗೂಡಲೂರಿನ ಬೆಳೆಗಾರ: ನಾಳೆಯೇ ಕಂದಕ ತೋಡಿಸುತ್ತೇನೆ. ಉಳಿದ ಏಳು ಬೊಡ್ಡೆಗಳು?

ತಜ್ಞೆ: ಅವುಗಳ ಬಳಿಯ ಗಿಡಗಳ ಬುಡ ಕೆರೆದು ನೋಡಿ. ಒಣಗುತ್ತಿರುವ ಜಾಗದಿಂದ ಪಕ್ಕದವರ ಬೇಲಿ ಎಷ್ಟು ದೂರ?

ಗೂಡಲೂರಿನ ಬೆಳೆಗಾರ: ಹತ್ತು ಅಡಿ ಇರಬಹುದು. ಅವರೊಡನೆ ಮಾತುಕತೆ ನಿಂತಿದೆ ಮೇಡಂ.

ತಜ್ಞೆ: ಇಂದು ಸಂಜೆಯೇ ಹೋಗಿ ಹೇಳಿ.