ಹಳೇ ಆ್ಯಕ್ಸೆಂಟ್ – ಪವರ್ ಸ್ಟೀರಿಂಗ್ ಆಯಿಲ್ ಸೋರ್ತಿದೆ, ರ‍್ಯಾಕೇ ಚೇಂಜ್ ಮಾಡ್ಬೇಕಾ?

ಹಾಳೆಟೋಪಿ (ಶಿವಮೊಗ್ಗ)

ಎಲ್ರಿಗೂ ನಮಸ್ಕಾರ. ಗಾಡಿ 2005ರ ಆ್ಯಕ್ಸೆಂಟ್ ಜಿಎಲ್‌ಇ, 1.5 ಪೆಟ್ರೋಲ್, ಅಪ್ಪ ತಗೊಂಡಿದ್ದು. ಆರ್‌ಸಿ ರಿನ್ಯೂ ಮಾಡ್ಸಿ ಇನ್ನೂ ಓಡಿಸ್ತಾ ಇದೀನಿ, ಇಂಜಿನ್ ಬಗ್ಗೆ ಮಾತೇ ಇಲ್ಲ.

ಪ್ರಾಬ್ಲಮ್ ಏನಂದ್ರೆ ಪವರ್ ಸ್ಟೀರಿಂಗ್ ಆಯಿಲ್ ಸೋರ್ತಾ ಇದೆ. ಬೆಳಿಗ್ಗೆ ಗಾಡಿ ತೆಗೆದ್ಮೇಲೆ ಪೋರ್ಟಿಕೋದಲ್ಲಿ ಡ್ರೈವರ್ ಕಡೆ ಮುಂದಿನ ಚಕ್ರದ ಹಿಂದೆ ಕೆಂಪಗೆ ನಾಲ್ಕೈದು ಹನಿ ಬಿದ್ದಿರುತ್ತೆ. ಸ್ಟೀರಿಂಗ್ ಆಯಿಲ್ ಡಬ್ಬೀಲಿ ಲೆವೆಲ್ ಮಿನ್ ಗೆರೆ ಹತ್ರ ಬಂದಾಗ ನಾನೇ ತುಂಬ್ತೀನಿ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಪಾರ್ಕಿಂಗ್ ಮಾಡೋವಾಗ ಫುಲ್ ಕಟ್ ಹೊಡೆದ್ರೆ ಗುಂಯ್ ಅಂತ ಸೌಂಡು ಬೇರೆ, ಅದರಲ್ಲೂ ಬೆಳಿಗ್ಗೆ ಇಂಜಿನ್ ತಣ್ಣಗಿರೋವಾಗ ಜಾಸ್ತಿ.

ಇಲ್ಲಿ ಒಂದು ಗ್ಯಾರೇಜಲ್ಲಿ ತೋರ್ಸಿದೆ. ರ‍್ಯಾಂಪಿಗೆ ಹಾಕಿ ಟಾರ್ಚ್ ಬಿಟ್ಟು ನೋಡಿ ಒಂದೇ ನಿಮಿಷಕ್ಕೆ "ರ‍್ಯಾಕ್ ಸೀಲ್ ಹೋಗಿದೆ ಸಾರ್, ರ‍್ಯಾಕೇ ಚೇಂಜ್ ಮಾಡ್ಬಿಡಿ, ರೀಕಂಡೀಷನ್ ಹಾಕ್ಸಿದ್ರೆ ಲೇಬರ್ ಸೇರಿ 14 ಸಾವಿರ" ಅಂದ್ರು (ರ‍್ಯಾಕ್ ಅಂದ್ರೆ ಸ್ಟೀರಿಂಗ್ ತಿರುಗಿಸಿದ್ದನ್ನ ಮುಂದಿನ ಚಕ್ರಗಳಿಗೆ ಮುಟ್ಟಿಸೋ ಭಾಗ). ಇನ್ನೊಂದು ಕಡೆ ಕೇಳಿದ್ರೆ ಸ್ಟಾಪ್ ಲೀಕ್ ಬಾಟ್ಲಿ ಹಾಕಿ ಸಾಕು ಅಂತಾರೆ. ನಮ್ಮ ಬಾಮೈದ ಅಂತೂ ಒಂದು ಮುಚ್ಚಳ ಬ್ರೇಕ್ ಆಯಿಲ್ ಹಾಕು ಸೀಲ್ ಉಬ್ಬುತ್ತೆ ಅಂತ ಹೇಳ್ತಿದಾನೆ. ಗಾಡಿ ಬೆಲೆಗೆ 14 ಸಾವಿರ ಜಾಸ್ತಿನೇ, ಆದ್ರೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬರೋದು ಇರುತ್ತೆ, ಸ್ಟೀರಿಂಗ್ ವಿಷಯದಲ್ಲಿ ರಿಸ್ಕ್ ಬೇಡ. ಗೊತ್ತಿರೋರು ಹೇಳಿ.

ಗ್ರೀಸ್ ಕೈ (ಬೆಂಗಳೂರು)

ಗುರು, ಮೊದ್ಲು ರ‍್ಯಾಕ್ ಆರ್ಡರ್ ಮಾಡ್ಬೇಡಿ. ರ‍್ಯಾಕ್ ಗಾಡಿ ಅಡಿಯಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕಿಂತ ಕೆಳಗೆ ಅಡ್ಡಡ್ಡ ಮಲಗಿರುತ್ತೆ, ಮೇಲೆ ಎಲ್ಲೇ ಸೋರಿದ್ರೂ ಹರ್ಕೊಂಡು ಬಂದು ಅದರ ಮೇಲೇ ಕೂರುತ್ತೆ. ಟಾರ್ಚ್ ಬಿಟ್ರೆ ರ‍್ಯಾಕ್ ಒದ್ದೆ ಕಾಣ್ಸುತ್ತೆ, ಬಿಲ್ ರೆಡಿ. ಹನಿ ಬೀಳೋ ಜಾಗಾನೇ ಸೋರೋ ಜಾಗ ಅಂತ ಯಾವತ್ತೂ ನಂಬಬೇಡಿ. ಈಗಿನ ಸಣ್ಣ ಕಾರೆಲ್ಲ ಇಲೆಕ್ಟ್ರಿಕ್ ಸ್ಟೀರಿಂಗ್, ಆಯಿಲೇ ಇಲ್ಲ, ಹಂಗಾಗಿ ಗ್ಯಾರೇಜಿಗೆ ಹೊಸದಾಗಿ ಬಂದಿರೋ ಹುಡುಗ್ರಿಗೆ ಹೈಡ್ರಾಲಿಕ್ ಬಿಚ್ಚಿ ಅಭ್ಯಾಸಾನೇ ಇರಲ್ಲ, ಪೂರ್ತಿ ಅಸೆಂಬ್ಲಿ ಬದಲಾಯಿಸೋದು ಅವರಿಗೂ ಸುಲಭ.

ನೀವು ಮಾಡ್ಬೇಕಾಗಿರೋದು ಮೊದ್ಲು ತೊಳೆಯೋದು. ಇಂಜಿನ್ ತಣ್ಣಗಿರೋವಾಗ ಡಬ್ಬಿ, ಪಂಪು, ಪೈಪುಗಳು, ರ‍್ಯಾಕು ಎಲ್ಲಾ ಡಿಗ್ರೀಸರ್ ಹೊಡೆದು ಬ್ರಷ್ ಹಾಕಿ ತೊಳೀರಿ, ಆಲ್ಟರ್ನೇಟರ್‌ಗೆ ಮಾತ್ರ ಪ್ಲಾಸ್ಟಿಕ್ ಕವರ್ ಸುತ್ತಿ. ಪೆಟ್ರೋಲಲ್ಲಿ ತೊಳೆಯೋ ಕೆಲಸ ಬೇಡ. ಪೂರ್ತಿ ಒಣಗಿದ್ಮೇಲೆ ಮುಖಕ್ಕೆ ಹಾಕೋ ಪೌಡರ್ ಇರುತ್ತಲ್ಲ ಅದನ್ನೇ ಜಾಯಿಂಟುಗಳ ಮೇಲೆಲ್ಲ ತೆಳ್ಳಗೆ ಊದಿ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಒಬ್ರು ಒಳಗೆ ಕೂತು ಸ್ಟೀರಿಂಗ್ ಈ ಕಡೆ ಕೊನೆಗೂ ಆ ಕಡೆ ಕೊನೆಗೂ ತಿರುಗಿಸ್ತಾ ಇರ್ಲಿ, ನೀವು ಮೇಲಿಂದ ಟಾರ್ಚ್ ಹಿಡಿದು ನೋಡಿ, ಬೆಲ್ಟ್ ಹತ್ರ ಕೈ, ಟವೆಲ್ಲು, ಲುಂಗಿ ಏನೂ ಬರದ ಹಾಗೆ. ಕೊನೆಗೆ ಹೋದಾಗ ಅಲ್ಲೇ ಒತ್ತಿ ಹಿಡ್ಕೊಂಡಿರ್ಬಾರ್ದು, ಐದು ಸೆಕೆಂಡಿಗಿಂತ ಜಾಸ್ತಿ ಬೇಡವೇ ಬೇಡ, ಯಾಕಂದ್ರೆ ಆ ಟೈಮಲ್ಲೇ ಪಂಪ್ ಫುಲ್ ಪ್ರೆಷರ್ ಕೊಡೋದು, ಆಯಿಲ್ ಕಾದು ಪಂಪ್ ಹಾಳಾಗುತ್ತೆ. ಸೋರೋದೂ ಅದೇ ಟೈಮಲ್ಲೇ. ಬಿಳಿ ಪೌಡರ್ ಮೇಲೆ ಎಲ್ಲಿ ಮೊದ್ಲು ಕೆಂಪು ಗೆರೆ ಮೂಡುತ್ತೋ ಅದೇ ಕಳ್ಳ.

ಸಾಮಾನ್ಯವಾಗಿ ಹೋಗೋ ಜಾಗಗಳು: ಡಬ್ಬಿಯಿಂದ ಪಂಪಿಗೆ ಬರೋ ದಪ್ಪ ರಬ್ಬರ್ ಪೈಪು ಮತ್ತೆ ಅದರ ಕ್ಲ್ಯಾಂಪು, ಪಂಪಿನ ಪುಲ್ಲಿ ಹಿಂದಿನ ಶಾಫ್ಟ್ ಸೀಲು, ಪ್ರೆಷರ್ ಪೈಪಲ್ಲಿ ರಬ್ಬರೂ ಲೋಹವೂ ಸೇರೋ ಕ್ರಿಂಪು, ಆ ಪೈಪು ಪಂಪಿಗೆ ಕೂರೋ ಕಡೆ ತಾಮ್ರದ ವಾಷರು, ವಾಪಸ್ ಬರೋ ಪೈಪು. ಇದೆಲ್ಲ ಆದ್ಮೇಲೆ ರ‍್ಯಾಕು.

ಇನ್ನೊಂದು, ಕೆಂಪು ಅಂದ್ರೆ ಎಟಿಎಫ್, ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಆಯಿಲ್. ಆ್ಯಕ್ಸೆಂಟಿಗೆ ಮ್ಯಾನ್ಯುಯಲ್ ಪ್ರಕಾರ ಪಿಎಸ್‌ಎಫ್-3 ಅನ್ನೋ ಪವರ್ ಸ್ಟೀರಿಂಗ್ ಆಯಿಲ್. ಯಾರೋ ಹಿಂದೆ ಎಟಿಎಫ್ ತುಂಬಿದಾರೆ.

ಚಾಲುಕ್ಯ ಎಕ್ಸ್‌ಪ್ರೆಸ್ (ಹುಬ್ಬಳ್ಳಿ)

ಬ್ರೇಕ್ ಆಯಿಲ್ ಮಾತ್ರ ಹಾಕಬ್ಯಾಡ್ರೀ ಮತ್ತ. ನಿಮ್ಮ ಬಾಮೈದ ಹೇಳೂದು ಅರ್ಧ ಖರೇ ಐತಿ, ಸೀಲ್ ಉಬ್ಬತೈತಿ. ಆದ್ರ ಬ್ರೇಕ್ ಆಯಿಲ್ ಅಂದ್ರ ಗ್ಲೈಕಾಲ್, ಸ್ಟೀರಿಂಗ್ ಸೀಲ್ ನೈಟ್ರೈಲ್ ರಬ್ಬರ್, ಅದು ಪೆಟ್ರೋಲಿಯಂ ಎಣ್ಣಿಗೆ ಮಾಡಿದ್ದು. ಎರಡಕ್ಕ ಕೂಡೂದಿಲ್ಲ. ಸ್ವಲ್ಪ ದಿನ ಲೀಕ್ ನಿಂತಂಗ ಕಾಣತೈತಿ, ಆಮ್ಯಾಲೆ ರಬ್ಬರ್ ಮೆತ್ತಗಾಗಿ ಕೈಯಾಗ ಹಿಡಿದ್ರ ಕಿತ್ತು ಬರತೈತಿ. ನಮ್ಮ ಓಣ್ಯಾಗ ಒಬ್ಬರ ಟೆಂಪೋಕ್ಕ ಹಿಂಗ ಹಾಕಿ ಪಂಪ್, ಸ್ಟೀರಿಂಗ್ ಗೇರ್‌ಬಾಕ್ಸ್, ಪೈಪ್ ಎಲ್ಲಾದ್ರ ಸೀಲೂ ಒಮ್ಮೆಲೆ ಹೋದ್ವು.

ರ‍್ಯಾಕ್ ಖರೇನ ಹೋಗೈತೋ ಇಲ್ಲೋ ನೋಡೂದು ಭಾಳ ಸರಳ ಐತ್ರೀ. ರ‍್ಯಾಕಿನ ಎರಡೂ ತುದಿಗೆ ಮಡಿಕಿ ಮಡಿಕಿ ರಬ್ಬರ್ ಬೂಟ್ ಇರತಾವು ನೋಡ್ರಿ, ಅದರ ಸಣ್ಣ ಕ್ಲಿಪ್ ಬಿಚ್ಚಿ ಹಿಂದ ಸರಿಸಿ ಒಳಗ ಬೆರಳು ಹಾಕ್ರಿ. ಒಳಗ ಎಣ್ಣಿ ತುಂಬಿ ಬಳಬಳ ಸುರಿದ್ರ ಸೀಲ್ ಹೋಗೈತಿ ಅಂತ ತಿಳ್ಕೊಳ್ರಿ. ಒಳಗ ಒಣ ಐತಿ, ಹೊರಗ ಅಷ್ಟ ಒದ್ದಿ ಐತಿ ಅಂದ್ರ ಮ್ಯಾಲಿಂದ ಬಂದದ್ದು. ಬೂಟ್ ಹರದಿದ್ರ ಮಾತ್ರ ಲಗೂನ ಹೊಸಾದು ಹಾಕ್ರಿ. ನಿಮ್ಮ ಮಲೆನಾಡ ಮಳ್ಯಾಗ ನೀರು ಕೆಸರು ಒಳಗ ಹೊಕ್ಕು ರ‍್ಯಾಕ್ ರಾಡಿಗೆ ತುಕ್ಕು ಹಿಡಿದು ಸಣ್ಣ ಸಣ್ಣ ತಗ್ಗು ಬೀಳತಾವು. ಉಗುರಿನಿಂದ ರಾಡ್ ಮ್ಯಾಲೆ ಎಳೆದು ನೋಡ್ರಿ, ಉಗುರು ತಡದ್ರ ಅಲ್ಲಿ ಹೊಸಾ ಸೀಲ್ ಹಾಕಿದ್ರೂ ಬಾಳಂಗಿಲ್ಲ, ಆ ತಗ್ಗ ಸೀಲನ್ನ ತಿನ್ನತೈತಿ. ಅವಾಗ ರ‍್ಯಾಕ್ ಬದಲಿ ಮಾಡೂದ ಚಲೋ.

ಕ್ವಾಲಿಸ್ ಕಾಲದವ (ತುಮಕೂರು)

ಎಲ್ರೂ ಸ್ಟಾಪ್ ಲೀಕ್ ಅಂದ್ರೆ ಬೈತೀರಪ್ಪ, ನಂದು ಹಳೇ ಗಾಡಿಗೆ ಹಾಕಿ ಆರಾಮಾಗಿ ಓಡ್ತಾ ಇದೆ, ಹನಿ ಕೂಡ ಬೀಳಲ್ಲ. ಎಲ್ಲದಕ್ಕೂ ಬಿಚ್ಚಿ ಕೂತ್ರೆ ಆಯ್ತಾ?

ಗ್ರೀಸ್ ಕೈ (ಬೆಂಗಳೂರು)

ಬೈತಿಲ್ಲ ಅಣ್ಣ. ಹಳೇದಾಗಿ ಗಟ್ಟಿಯಾಗಿರೋ ಸೀಲಿಗೆ ಅದು ಕೆಲಸ ಮಾಡುತ್ತೆ, ರಬ್ಬರನ್ನ ಸ್ವಲ್ಪ ಮೆತ್ತಗೆ ಮಾಡಿ ಉಬ್ಸುತ್ತೆ, ಮಾರೋ ಯೋಚನೆ ಇದ್ರೆ ಹಾಕಿ ಓಡಿಸ್ಬಹುದು. ಆದ್ರೆ ಪೈಪ್ ಒಡೆದಿದ್ರೆ, ಕ್ರಿಂಪ್ ಬಿಟ್ಟಿದ್ರೆ, ತಾಮ್ರದ ವಾಷರ್ ಹೋಗಿದ್ರೆ ಸ್ಟಾಪ್ ಲೀಕ್ ಏನು ಮಾಡುತ್ತೆ? ಅದಕ್ಕೇ ಎಲ್ಲಿ ಸೋರ್ತಿದೆ ಅಂತ ಗೊತ್ತಾಗೋ ತನಕ ಬಾಟ್ಲಿ ಮುಚ್ಚಳ ತೆಗೀಬೇಡಿ ಅಂತೀನಿ.

ಹಾಳೆಟೋಪಿ (ಶಿವಮೊಗ್ಗ)

ಭಾನುವಾರ ಪೂರ್ತಿ ಇದೇ ಕೆಲಸ ಆಯ್ತು. ಹುಬ್ಬಳ್ಳಿ ಸರ್ ಹೇಳಿದ ಹಾಗೆ ಬೂಟ್ ಸರಿಸಿ ನೋಡ್ದೆ, ಎರಡೂ ಕಡೆ ಒಳಗೆ ಒಣ, ಹಳೇ ಗ್ರೀಸ್ ಇನ್ನೂ ಕಪ್ಪಗೆ ಅಂಟಂಟಾಗಿ ಹಾಗೇ ಇದೆ. ರಾಡ್ ಮೇಲೆ ಉಗುರು ಎಲ್ಲೂ ತಡೀಲಿಲ್ಲ.

ತೊಳೆದು ಪೌಡರ್ ಊದಿ ಮಗಳನ್ನ ಸ್ಟೀರಿಂಗ್ ಮುಂದೆ ಕೂರಿಸ್ದೆ. ನೇರ ಇದ್ದಾಗ ಏನೂ ಇಲ್ಲ. ಬಲಕ್ಕೆ ಕೊನೆ ತನಕ ತಿರುಗಿಸಿದ ತಕ್ಷಣ ಪ್ರೆಷರ್ ಪೈಪಿನ ಕ್ರಿಂಪ್ ಬಾಯಲ್ಲಿ ಬೆವರು ಹನಿ ಬಂದ ಹಾಗೆ ಬಂತು, ಒಂದೊಂದೇ ಕೂಡ್ಕೊಂಡು ಲೋಹದ ಪೈಪ್ ಹಿಡ್ಕೊಂಡು ಕೆಳಗೆ ಇಳಿದು ಸೀದಾ ರ‍್ಯಾಕ್ ಮೇಲೆ! ಬಿಟ್ಟ ತಕ್ಷಣ ನಿಂತೋಯ್ತು. ಡಬ್ಬಿ ಕೆಳಗಿನ ಪೈಪ್ ಕ್ಲ್ಯಾಂಪ್ ಹತ್ರನೂ ಪೌಡರ್ ಸ್ವಲ್ಪ ಪಸೆ ಆಗಿತ್ತು, ಆ ಪೈಪ್ ಒತ್ತಿದ್ರೆ ಕಲ್ಲಿನ ಹಾಗಿದೆ. ಇಂಜಿನ್ ಓಡೋವಾಗ ಡಬ್ಬಿ ಒಳಗೆ ನೊರೆ ನೊರೆ. ಪ್ರೆಷರ್ ಪೈಪ್ ಹೊಸದು ಇಲ್ಲಿ ಸ್ಟಾಕ್ ಇಲ್ವಂತೆ. ಸಾಗರ ರೋಡ್ ಆಟೋ ಕಾಂಪ್ಲೆಕ್ಸ್ ಕಡೆ ಟ್ರ್ಯಾಕ್ಟರ್ ಜೆಸಿಬಿ ಹೋಸ್ ಕ್ರಿಂಪ್ ಮಾಡ್ತಾರಲ್ಲ, ಅಲ್ಲಿ ಮಾಡಿಸ್ಬಹುದಾ?

ಗ್ರೀಸ್ ಕೈ (ಬೆಂಗಳೂರು)

ನೊರೆ ಅಂದ್ರೆ ಗಾಳಿ ಎಳೀತಿದೆ. ಡಬ್ಬಿಯಿಂದ ಪಂಪಿಗೆ ಹೋಗೋ ಪೈಪು ಎಳೆಯೋ ಕಡೆ, ಅಲ್ಲಿ ಆಯಿಲ್ ಹೊರಗೆ ಬರೋದಕ್ಕಿಂತ ಗಾಳಿ ಒಳಗೆ ಹೋಗೋದೇ ಜಾಸ್ತಿ, ಆ ಗುಂಯ್ ಶಬ್ದದ ಮೂಲ ಅಲ್ಲೇ ಇರ್ಬೇಕು. ಆ ಪೈಪನ್ನೂ ವಾಪಸ್ ಬರೋ ಪೈಪನ್ನೂ ಎರಡೂ ಬದಲಾಯಿಸಿ, ಆಯಿಲಿಗೆ ತಡೆಯೋ ಹೋಸೇ ಬೇಕು, ರೇಡಿಯೇಟರ್ ನೀರಿನ ಹೋಸ್ ಹಾಕಿದ್ರೆ ಎಣ್ಣೆ ಕುಡಿದು ಊದ್ಕೊಳ್ಳುತ್ತೆ. ಇಲ್ಲಿ ಜೆ.ಸಿ. ರೋಡಲ್ಲಿ ಹುಡುಕಿದ್ರೆ ಪ್ರೆಷರ್ ಪೈಪೂ ಸಿಗ್ಬಹುದು, ಯಾರಾದ್ರೂ ಬರೋರಿದ್ರೆ ಹಳೇ ಪೈಪಿನ ಫೋಟೋ ಕೊಟ್ಟು ಕಳ್ಸಿ.

ಬಂದರು ಭಟ್ರು (ಮಂಗಳೂರು)

ಮಾರಾಯ್ರೆ, ಹೋಸ್ ಅಂಗಡಿಯಲ್ಲಿ ಮಾಡಿಸಬಹುದು, ನಾನು ಮಾಡಿಸಿದ್ದುಂಟು. ಒಂದು ವಿಷಯ ಗೊತ್ತಿರಲಿ. ಜೆಸಿಬಿಯ ಎರಡು ತಂತಿ ಹೆಣೆದ ಹೋಸ್ ಪ್ರೆಷರ್ ಏನೋ ಬಿಂದಾಸ್ ತಡೆಯುತ್ತದೆ, ಕಾರಿನ ಪಂಪು ಕೊಡುವುದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಕಂಪನಿ ಪೈಪು ಬೇಕಂತಲೇ ಸ್ವಲ್ಪ ಹಿಗ್ಗುವ ಹಾಗೆ ಮಾಡಿದ್ದು, ಪಂಪಿನ ಮಿಡಿತ ಅದರಲ್ಲಿ ಅಡಗುತ್ತದೆ. ಗಟ್ಟಿ ಹೋಸ್ ಹಾಕಿದರೆ ಆ ಮಿಡಿತ ಸೀದಾ ಸ್ಟೀರಿಂಗಿಗೆ ಬಂದು ಒಂದು ಸಣ್ಣ ಗುಂಯ್ ಯಾವಾಗಲೂ ಕೇಳುತ್ತದೆ. ಪವರ್ ಸ್ಟೀರಿಂಗಿಗೇ ಅಂತ ಬೇರೆ ಹೋಸ್ ಬರ್ತದೆ, ಎಸ್‌ಎಇ ಜೆ188 ಅಂತ ಬರೆದಿರ್ತದೆ, ಅದು ಉಂಟಾ ಅಂತ ಮೊದಲು ಕೇಳಿ.

ಹಳೇ ಪೈಪು ಕೊಂಡುಹೋಗುವಾಗ ಬಿಚ್ಚುವ ಮೊದಲೇ ಅದು ಎಲ್ಲೆಲ್ಲಿ ಬಾಗಿದೆ, ಯಾವ ಕ್ಲಿಪ್ಪಿನಲ್ಲಿ ಕೂತಿದೆ ಎಲ್ಲ ಫೋಟೋ ತೆಗೆದಿಡಿ. ಎರಡು ತುದಿ ಒಂದಕ್ಕೊಂದು ಯಾವ ಕೋನದಲ್ಲಿ ಉಂಟು ಅಂತ ಮಾರ್ಕ್ ಮಾಡಿಯೇ ಕ್ರಿಂಪ್ ಮಾಡಿಸಬೇಕು, ಇಲ್ಲದಿದ್ದರೆ ಕೂರಿಸುವಾಗ ಹೋಸ್ ತಿರುಚಿ ಮತ್ತೆ ಅದೇ ಜಾಗದಲ್ಲಿ ಬಿಡ್ತದೆ. ತಾಮ್ರದ ವಾಷರ್ ಎರಡೂ ಹೊಸದೇ ಹಾಕಿ ಮಾರಾಯ್ರೆ, ಹಳೇದು ಒಮ್ಮೆ ಒತ್ತಿ ಚಪ್ಪಟೆಯಾದದ್ದು ಇನ್ನೊಮ್ಮೆ ಸರಿ ಕೂರುವುದಿಲ್ಲ. ಮತ್ತೆ ಎಕ್ಸಾಸ್ಟಿನಿಂದ ದೂರ ಇರಬೇಕು, ಆ ಎಣ್ಣೆ ಬಿಸಿ ಎಕ್ಸಾಸ್ಟಿಗೆ ಬಿದ್ದರೆ ಬೆಂಕಿ ಹಿಡಿಯುವ ಸಾಮಾನೇ.

ಹಾಳೆಟೋಪಿ (ಶಿವಮೊಗ್ಗ)

ಅಪ್‌ಡೇಟ್: ಇಲ್ಲಿ ಅಂಗಡೀಲಿ ಜೆ188 ಇರ್ಲಿಲ್ಲ, ಭದ್ರಾವತಿಗೆ ಹೋಗೋ ಹುಡುಗನ ಕೈಲಿ ತರಿಸಿದ್ರು. ಹಳೇ ತುದಿಗಳನ್ನೇ ಉಳಿಸಿ ಹೊಸ ಹೋಸ್ ಕ್ರಿಂಪ್ ಮಾಡಿ ನನ್ನೆದುರೇ ಪ್ರೆಷರ್ ಹಾಕಿ ತೋರಿಸಿ ಕೊಟ್ಟರು. ಎಳೆಯೋ ಪೈಪು, ವಾಪಸ್ ಪೈಪು, ಕ್ಲ್ಯಾಂಪು, ವಾಷರ್ ಎಲ್ಲಾ ಹೊಸದು. ಎಲ್ಲಾ ಸೇರಿ ರ‍್ಯಾಕಿಗೆ ಹೇಳಿದ್ದರ ಕಾಲು ಭಾಗ ಕೂಡ ಆಗಿಲ್ಲ. ಹಳೇ ಕೆಂಪು ಆಯಿಲ್ ಪೂರ್ತಿ ಇಳಿಸಿ ಪಿಎಸ್‌ಎಫ್-3 ತುಂಬಿದೀನಿ. ಈಗ ಸೋರ್ತಿಲ್ಲ, ಆದ್ರೆ ಗುಂಯ್ ಅನ್ನೋದು ಇನ್ನೂ ಇದೆ, ಡಬ್ಬೀಲಿ ಗುಳ್ಳೆನೂ ಕಾಣ್ತಿದೆ. ಪಂಪೂ ಹೋಯ್ತಾ?

ಗ್ರೀಸ್ ಕೈ (ಬೆಂಗಳೂರು)

ಗಾಳಿ ತೆಗೆದ್ರಾ? ಆಯಿಲ್ ಹಾಕಿ ಸೀದಾ ಸ್ಟಾರ್ಟ್ ಮಾಡಿದ್ರೆ ಹಿಂಗೇ ಆಗೋದು, ಪಂಪು ಗಾಳೀನ ಆಯಿಲಿಗೆ ಕಡೆದು ಮಜ್ಜಿಗೆ ಮಾಡಿಬಿಡುತ್ತೆ. ಈಗ ಒಂದು ರಾತ್ರಿ ಹಾಗೇ ನಿಲ್ಲಿಸಿ, ಗುಳ್ಳೆ ಎಲ್ಲಾ ತಾನಾಗೇ ಮೇಲೆ ಬರ್ಲಿ. ಬೆಳಿಗ್ಗೆ ಮುಂದಿನ ಎರಡೂ ಚಕ್ರ ಎತ್ತಿ, ಜಾಕಿ ನಂಬ್ಕೊಂಡು ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಇಂಜಿನ್ ಆಫ್ ಇಟ್ಟೇ ಸ್ಟೀರಿಂಗ್ ಆ ಕೊನೆ ಈ ಕೊನೆ ನಿಧಾನಕ್ಕೆ ಒಂದು ಹದಿನೈದಿಪ್ಪತ್ತು ಸಲ ತಿರುಗಿಸಿ, ಲೆವೆಲ್ ಇಳಿದ ಹಾಗೆ ತುಂಬ್ತಾ ಇರಿ. ಗುಳ್ಳೆ ಬರೋದು ನಿಂತ್ಮೇಲೆ ಸ್ಟಾರ್ಟ್ ಮಾಡಿ ಐಡಲಲ್ಲೇ ಇನ್ನೊಂದಷ್ಟು ತಿರುಗಿಸಿ. ಆಕ್ಸಿಲೇಟರ್ ಮುಟ್ಟಬೇಡಿ.

ಆಮೇಲೆ ಟೆಸ್ಟ್: ಇಂಜಿನ್ ಓಡೋವಾಗ ಡಬ್ಬೀಲಿ ಲೆವೆಲ್ ಎಲ್ಲಿದೆ ನೋಡಿ, ಆಫ್ ಮಾಡಿ ಮತ್ತೆ ನೋಡಿ. 5 ಮಿಲಿಮೀಟರಿಗಿಂತ ಜಾಸ್ತಿ ಮೇಲೆ ಎದ್ರೆ ಇನ್ನೂ ಗಾಳಿ ಇದೆ ಅಂತ ಅರ್ಥ, ಒತ್ತಿಹೋಗಿದ್ದ ಗಾಳಿ ಹಿಗ್ಗಿ ಆಯಿಲನ್ನ ಮೇಲೆ ತಳ್ಳೋದು ಅದು.

ಹಾಳೆಟೋಪಿ (ಶಿವಮೊಗ್ಗ)

ಮಾಡ್ದೆ. ಮೊದಲ ಸಲ ಆಫ್ ಮಾಡಿದಾಗ ಲೆವೆಲ್ ಒಂದು ಬೆರಳು ಮೇಲೆ ಎದ್ದಿತ್ತು, ಇನ್ನೊಂದು ಸಲ ಮಾಡಿದ್ಮೇಲೆ ಅಲ್ಲಾಡೋದೇ ಇಲ್ಲ. ಸೌಂಡ್ ಹೋಯ್ತು. ತಣ್ಣಗಿರೋವಾಗ ಫುಲ್ ಕಟ್ ಹೊಡೆದ್ರೆ ಮಾತ್ರ ಕಿರ್ ಅಂತ ಒಂದು ಚೂರು ಬರುತ್ತೆ, ಅದು ಬೇರೆ ತರ ಇದೆ.

ಚಾಲುಕ್ಯ ಎಕ್ಸ್‌ಪ್ರೆಸ್ (ಹುಬ್ಬಳ್ಳಿ)

ಕಿರ್ ಅಂದ್ರ ಬೆಲ್ಟ್ ರೀ ಅದು. ಇಷ್ಟು ದಿನ ಎಣ್ಣಿ ಸಿಡದು ಸಿಡದು ಕುಡಿದಿರತೈತಿ. ಒರಸಿದ್ರ ಹೋಗಂಗಿಲ್ಲ, ಹೊಸಾದ ಹಾಕ್ರಿ, ಪುಲ್ಲೀನೂ ಒರಸಿ ಹಾಕ್ರಿ. ರ‍್ಯಾಕ್ ಬಿಚ್ಚಿಲ್ಲ ಅಂದ್ಮ್ಯಾಲೆ ಅಲೈನ್‌ಮೆಂಟ್ ಗಿಲೈನ್‌ಮೆಂಟ್ ಅಂತ ಯಾರರ ಹೇಳಿದ್ರ ರೊಕ್ಕ ಕೊಡಬ್ಯಾಡ್ರಿ.